ಅದು ಅಪಮಾನ ಅಲ್ಲಮ್ಮ, ‘ಅಪ್‌ಮಾನುಂಗ್’

ಕಳೆದ ಡಿಸೆಂಬರಿನ ಒಂದು ಭಾನುವಾರ. ಸ್ಟುಟ್‌ಗಾರ್ಟ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಅರಸೀಕೆರೆಯಿಂದ ಫೋನ್. ಆ ಕಡೆ ಇದ್ದವರು ನಮ್ಮ ಪರಿಚಯದ ಹುಡುಗನೊಬ್ಬನ ತಾಯಿ. ನನ್ನ ತವರು ಪಕ್ಕದ ತಿಪಟೂರು. ಹಾಗಾಗಿ ಮಗನಿಗಿಂತ ಹೆಚ್ಚು ಅವರೇ ನನ್ನ ಜೊತೆ ಮಾತಾಡುತ್ತಾರೆ.

‘ನೋಡಮ್ಮ, ನನ್ನ ಮಗನಿಗೆ ಆಫೀಸಲ್ಲಿ ಅಪಮಾನ ಮಾಡಿದಾರಂತೆ. ಬರೀ ಬಾಯಲ್ಲಿ ಅಲ್ಲ, ಕಾಗದದಲ್ಲಿ ಬರೆದು ಕೊಟ್ಟಿದಾರಂತೆ. ತಂಗಿ ಹತ್ರ ಹೇಳ್ತಿದ್ದ, ನನ್ನ ಕಿವಿಗೆ ಬಿತ್ತು. ನಾನು ಕೇಳಿದ್ರೆ ಏನಿಲ್ಲ ಬಿಡಮ್ಮ ಅಂತಾನೆ. ಎರಡು ದಿನದಿಂದ ಅನ್ನ ಇಳೀತಿಲ್ಲ ನಂಗೆ.’

ಏನೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ತಿಳಿದಾಗ ನಗು ಬಂತು, ತಡೆದುಕೊಂಡೆ. ಹುಡುಗ ತಂಗಿಗೆ ಹೇಳಿದ್ದು ಅಪಮಾನ ಎಂದಲ್ಲ, ‘ಅಪ್‌ಮಾನುಂಗ್’ ಎಂದು. ಜರ್ಮನಿಯ ಕಂಪನಿಗಳು ನೌಕರರಿಗೆ ಕೊಡುವ ಲಿಖಿತ ಎಚ್ಚರಿಕೆಗೆ ಇರುವ ಹೆಸರು ಅದು. ಕ್ರಿಯಾಪದವಾದರೆ ‘ಅಪ್‌ಮಾನೆನ್’. ಬರೆಯುವಾಗ ಮೊದಲ ಭಾಗ ‘ಅಬ್’, ಆದರೆ ಪದದ ಕೊನೆಯ ‘ಬ್’ ಅನ್ನು ಜರ್ಮನ್ನರು ‘ಪ್’ ಎಂದೇ ಉಚ್ಚರಿಸುತ್ತಾರೆ. ಕನ್ನಡದ ಕಿವಿಗೆ ಅದು ಅಪಮಾನವಾಗಿ ಕೇಳಿಸಿದರೆ ತಪ್ಪೇನಿಲ್ಲ.

ತಾಯಿ ಕೇಳಿದ್ದು ಅಪಮಾನ. ಆದರೆ ಮಗ ಓದಿದ್ದೂ ತಪ್ಪೇ ಎಂದು ಸಂಜೆ ಅವನು ಆ ಕಾಗದ ಹಿಡಿದು ಬಂದಾಗ ಗೊತ್ತಾಯಿತು. ‘ಅಕ್ಕ, ಇದು ರಿಮೈಂಡರ್ ಅಲ್ವಾ? ಎರಡು ವಾರ ಡ್ರಾಯರಲ್ಲಿ ಇಟ್ಟಿದ್ದೆ. ಮೊನ್ನೆ ಜೊತೆಯವನೊಬ್ಬ ನೋಡಿ ಗಾಬರಿಯಾದ’ ಎಂದ. ತಾಯಿಗೆ ಅದು ಅವಮಾನ, ಮಗನಿಗೆ ನೆನಪೋಲೆ. ಎರಡೂ ಅಲ್ಲದ ಈ ಪದದ ನಿಜವಾದ ಅರ್ಥ ಏನು ಎಂಬುದನ್ನು, ಮಕ್ಕಳನ್ನು ಜರ್ಮನಿಗೆ ಕಳಿಸಿದ ಮನೆಯವರೂ ತಿಳಿದಿರುವುದು ಒಳ್ಳೆಯದು. ಯಾಕೆಂದರೆ ಈ ಕಾಗದ ಬರುವ ಕಾರಣ ಎಷ್ಟೋ ಸಲ ಊರಿನಲ್ಲೇ ಹುಟ್ಟಿರುತ್ತದೆ. ಈ ಹುಡುಗನದ್ದೂ ಹಾಗೆಯೇ.

ನಾಲ್ಕು ದಿನದ ಕಥೆ

ನವೆಂಬರಿನಲ್ಲಿ ಅವರ ಮನೆಯ ಗೃಹಪ್ರವೇಶ. ಹುಡುಗ ಮೂರು ವಾರ ರಜೆ ಹಾಕಿ ಬಂದಿದ್ದ. ಸೋಮವಾರ ಕೆಲಸಕ್ಕೆ ಹಾಜರಾಗಬೇಕು, ಭಾನುವಾರಕ್ಕೆ ವಿಮಾನ. ಆದರೆ ಗ್ರಾನೈಟ್ ಕೆಲಸದವರು ಕೈಕೊಟ್ಟು ಗೃಹಪ್ರವೇಶವೇ ಶುಕ್ರವಾರದಿಂದ ಮುಂದಿನ ಬುಧವಾರಕ್ಕೆ ಹೋಯಿತು. ಹಿರಿಮಗನಿಲ್ಲದೆ ಹೊಸ ಮನೆಯಲ್ಲಿ ಹಾಲು ಉಕ್ಕಿಸುವುದು ಹೇಗೆ? ‘ನಾಲ್ಕು ದಿನ ತಾನೇ, ಒಂದು ಮೆಸೇಜ್ ಹಾಕಪ್ಪ’ ಎಂದರು ಮನೆಯವರು. ಅವನು ಭಾನುವಾರ ರಾತ್ರಿ ಟೀಮ್ ಲೀಡರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಮೆಸೇಜ್ ಹಾಕಿದ. ಎರಡು ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ನಮ್ಮಲ್ಲಿ ಉತ್ತರ ಬರದಿದ್ದರೆ ‘ಸರಿ’ ಎಂದೇ ಅರ್ಥ. ಅವನು ಶುಕ್ರವಾರ ಕೆಲಸಕ್ಕೆ ಹಾಜರಾದ.

ಜರ್ಮನಿಯಲ್ಲಿ ಮೌನಕ್ಕೆ ಸಮ್ಮತಿ ಎಂಬ ಅರ್ಥ ಇಲ್ಲ. ರಜೆಯನ್ನು ನೌಕರ ತೆಗೆದುಕೊಳ್ಳುವುದಲ್ಲ, ಮಾಲೀಕರು ಮಂಜೂರು ಮಾಡಬೇಕು. ಮಂಜೂರಾಗದ ರಜೆಯನ್ನು ತಾನೇ ತನಗೆ ಕೊಟ್ಟುಕೊಳ್ಳುವುದಕ್ಕೆ ಇಲ್ಲಿ ‘ಸೆಲ್ಪ್‌ಸ್ಟ್‌ಬೆಉರ್‌ಲಾಬುಂಗ್’ ಎಂಬ ಮಾರುದ್ದದ ಹೆಸರೇ ಇದೆ. ಕಾರ್ಮಿಕ ನ್ಯಾಯಾಲಯಗಳು ಇದನ್ನು ಸಣ್ಣ ತಪ್ಪೆಂದು ನೋಡುವುದಿಲ್ಲ. ಸಂದರ್ಭ ನೋಡಿ, ಎಚ್ಚರಿಕೆಯನ್ನೂ ಕೊಡದೆ ತಕ್ಷಣ ಕೆಲಸದಿಂದ ತೆಗೆದದ್ದನ್ನು ಎತ್ತಿಹಿಡಿದದ್ದೂ ಉಂಟು. ಆ ಲೆಕ್ಕದಲ್ಲಿ ಹುಡುಗನ ಕಂಪನಿ ಮೆದುವಾಗಿಯೇ ನಡೆದುಕೊಂಡಿತ್ತು. ನಾಲ್ಕು ದಿನದ ಸಂಬಳ ಹಿಡಿದು, ಒಂದು ಪುಟದ ಕಾಗದ ಕೊಟ್ಟಿತ್ತು.

ವಾಕ್ಯದ ಕೊನೆಯ ‘ಅಪ್’

ಅವನು ಅದನ್ನು ರಿಮೈಂಡರ್ ಎಂದು ಓದಿದ್ದೇಕೆ? ಅವನ ಜರ್ಮನ್ ಕೆಟ್ಟದೇನಲ್ಲ, ಬಿ-1 ಪರೀಕ್ಷೆ ಪಾಸಾಗಿದ್ದಾನೆ. ಮೋಸ ಮಾಡಿದ್ದು ವ್ಯಾಕರಣ.

‘ಅಪ್‌ಮಾನೆನ್’ ಒಡೆಯುವ ಕ್ರಿಯಾಪದ. ವಾಕ್ಯದಲ್ಲಿ ಬಳಸುವಾಗ ‘ಮಾನೆನ್’ ಮುಂದೆ ನಿಲ್ಲುತ್ತದೆ, ‘ಅಪ್’ ಕಳಚಿಕೊಂಡು ವಾಕ್ಯದ ಕೊನೆಗೆ ಹೋಗುತ್ತದೆ. ಕಾಗದದ ಮೊದಲ ಸಾಲು ‘ಹಿಯರ್‌ಮಿಟ್ ಮಾನೆನ್ ವಿಯರ್ ಜೀ...’ ಎಂದು ಶುರುವಾಗಿ, ಯಾವ ದಿನ, ಎಷ್ಟು ಗಂಟೆ, ಯಾವ ಒಪ್ಪಂದದ ಯಾವ ಕಲಂ ಎಂದು ಮೂರೂವರೆ ಸಾಲು ಓಡಿ, ಕಟ್ಟಕಡೆಗೆ ಒಂದೇ ಒಂದು ‘ಅಪ್’ ಎಂದು ಮುಗಿದಿತ್ತು. ಆ ‘ಅಪ್’ ಕಣ್ಣಿಗೆ ಬೀಳದಿದ್ದರೆ ಉಳಿಯುವುದು ‘ಈ ಮೂಲಕ ನಾವು ನಿಮಗೆ ನೆನಪಿಸುತ್ತೇವೆ’. ಬಿದ್ದರೆ ‘ಈ ಮೂಲಕ ನಾವು ನಿಮಗೆ ವಿಧ್ಯುಕ್ತವಾಗಿ ಎಚ್ಚರಿಕೆ ನೀಡುತ್ತೇವೆ’. ಎರಡಕ್ಕೂ ಅಜಗಜಾಂತರ. ಕನ್ನಡದವರಿಗೆ ಇದು ಹೊಸದಾಗಬಾರದು. ನಮ್ಮ ಭಾಷೆಯಲ್ಲೂ ಬರುತ್ತಾರೋ ಬರುವುದಿಲ್ಲವೋ ಎಂಬುದು ಗೊತ್ತಾಗುವುದು ವಾಕ್ಯ ಮುಗಿದ ಮೇಲೆಯೇ. ಆದರೆ ಜರ್ಮನ್ ಓದುವಾಗ ನಾವು ಇಂಗ್ಲಿಷಿನ ಕಣ್ಣು ಹಾಕಿಕೊಂಡು ಓದುತ್ತೇವೆ. ಕ್ರಿಯಾಪದ ಮುಂದೆಯೇ ಸಿಕ್ಕಿತಲ್ಲ ಎಂದು ಉಳಿದದ್ದನ್ನು ಬಿಟ್ಟುಬಿಡುತ್ತೇವೆ.

ಬರೀ ‘ಮಾನುಂಗ್’ ಎಂಬ ಕಾಗದ ಇಲ್ಲಿ ಎಲ್ಲರಿಗೂ ಪರಿಚಿತ. ಫೋನಿನ ಬಿಲ್ ಕಟ್ಟಲು ಮರೆತರೆ, ಲೈಬ್ರರಿ ಪುಸ್ತಕ ವಾಪಸ್ ಕೊಡದಿದ್ದರೆ ಬರುತ್ತದೆ. ದುಡ್ಡು ಕಟ್ಟಿದರೆ ಮುಗಿಯಿತು. ಹುಡುಗನ ತಲೆಯಲ್ಲಿ ಇದ್ದದ್ದೂ ಅದೇ.

ಇನ್ನೊಂದು ಸ್ವಾರಸ್ಯ ಹೇಳಲೇಬೇಕು. ‘ಮಾನೆನ್’ ಪದದ ಬೇರು, ಸಂಸ್ಕೃತದಿಂದ ನಾವು ಪಡೆದ ಮನಸ್ಸು, ಮನನಗಳ ಬೇರು ಒಂದೇ. ಮನಸ್ಸಿಗೆ ತರುವುದೇ ‘ಮಾನೆನ್’. ಸಂಸ್ಕೃತದ ‘ಅಪ’, ಜರ್ಮನ್ನಿನ ‘ಅಬ್’ ಕೂಡ ಹಳೆಯ ನೆಂಟರು, ಎರಡಕ್ಕೂ ‘ದೂರಕ್ಕೆ, ಆಚೆಗೆ’ ಎಂಬ ಅರ್ಥದ ಮೂಲ ಇದೆ. ಅಂದರೆ ಅರಸೀಕೆರೆಯ ಆ ತಾಯಿ ಕೇಳಿಸಿಕೊಂಡ ಅಪಮಾನಕ್ಕೂ ಅವರ ಮಗನ ಕೈಯಲ್ಲಿದ್ದ ಅಪ್‌ಮಾನುಂಗ್‌ಗೂ ಕೂಡಿಸಿದ ತುಂಡುಗಳು ಒಂದೇ ಕಣಜದವು. ಆದರೆ ಸಾವಿರಾರು ವರ್ಷ ಬೇರೆ ಬೇರೆ ನಾಡಿನಲ್ಲಿ ಬೆಳೆದು ಅರ್ಥ ಪೂರ್ತಿ ಬೇರೆಯಾಗಿದೆ. ಒಂದು ಮರ್ಯಾದೆ ಕಳೆಯುವುದು. ಇನ್ನೊಂದು, ಹಿಡಿದ ತಪ್ಪು ದಾರಿಯಿಂದ ಆಚೆಗೆ ಬಾ ಎಂದು ಎಚ್ಚರಿಸುವುದು.

ಬೈಗುಳಕ್ಕೂ ದರ್ಜೆ ಉಂಟು

ಜರ್ಮನ್ನರು ಬೈಯುವುದರಲ್ಲೂ ಕ್ರಮ ಇಟ್ಟುಕೊಂಡವರು. ಮನೆಯಲ್ಲಿ ಅಮ್ಮ ಮಗುವಿಗೆ ಗದರಿದರೆ ‘ಶಿಂಪ್ಫೆನ್’. ಅದು ನಮ್ಮ ‘ಬೈಯುವುದು’, ಆಫೀಸಿನ ಕಾಗದಕ್ಕೆ ಹತ್ತುವ ಪದವಲ್ಲ. ‘ಟಾಡೆಲ್ನ್’ ಎಂದರೆ ತೆಗಳುವುದು, ಹಳೆಯ ಶಾಲಾ ಮಾಸ್ತರರ ಪದ. ‘ರೂಗೆನ್’ ಇನ್ನೂ ಗಂಭೀರ. ಮೂಲದಲ್ಲಿ ಅದಕ್ಕೆ ನ್ಯಾಯಸಭೆಯ ಮುಂದೆ ದೂರು ಹೇಳುವುದು, ಆಪಾದಿಸುವುದು ಎಂಬ ಅರ್ಥ ಇತ್ತು. ಈಗ ಅಧಿಕಾರ ಇರುವವರು ಹೊರಡಿಸುವ ಖಂಡನೆ. ಬಾಲ್ಟಿಕ್ ಸಮುದ್ರದಲ್ಲಿ ಇದೇ ಅಕ್ಷರಗಳ ಹೆಸರಿನ ದ್ವೀಪವೊಂದಿದೆ, ಪ್ರವಾಸಿಗರು ಮುಗಿಬೀಳುತ್ತಾರೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ದ್ವೀಪದ ಹೆಸರು ಅಲ್ಲಿದ್ದ ಜನಾಂಗದಿಂದ ಬಂದದ್ದು.

‘ರೂಗೆ’ ಪತ್ರಿಕೆಯವರಿಗೆ ಚೆನ್ನಾಗಿ ಗೊತ್ತು. 1956ರಲ್ಲಿ ಶುರುವಾದ ಜರ್ಮನ್ ಪತ್ರಿಕಾ ಮಂಡಳಿ ನೀತಿ ಮೀರಿದ ಪತ್ರಿಕೆಗೆ ಕೊಡುವ ಅತಿ ದೊಡ್ಡ ಶಿಕ್ಷೆ ಇದೇ. ದಂಡ ಇಲ್ಲ, ಜೈಲಿಲ್ಲ. ಬಹಿರಂಗ ‘ರೂಗೆ’ಯನ್ನು ಆ ಪತ್ರಿಕೆ ತನ್ನ ಪುಟದಲ್ಲೇ ಅಚ್ಚು ಹಾಕಿಕೊಳ್ಳಬೇಕು. ನಮ್ಮ ಪತ್ರಿಕೆಗಳಲ್ಲಿ ‘ಹೈಕೋರ್ಟ್ ಛೀಮಾರಿ’ ಎಂಬ ತಲೆಬರಹ ಬರುತ್ತದಲ್ಲ, ಅದರ ಭಾವಕ್ಕೆ ಹತ್ತಿರವಾದದ್ದು.

ಸರ್ಕಾರಿ ಅಧಿಕಾರಿಗಳಿಗೆ ಮತ್ತೊಂದು ಪದ, ‘ಫೆರ್‌ವೈಸ್’. ಕೇಂದ್ರ ಸರ್ಕಾರಿ ನೌಕರರ ಶಿಸ್ತು ಕಾನೂನಿನಲ್ಲಿ ಐದು ಶಿಕ್ಷೆಗಳಿವೆ, ಎಲ್ಲಕ್ಕಿಂತ ಹಗುರವಾದದ್ದು ಇದು. ನಮ್ಮ ಸರ್ಕಾರಿ ನೌಕರರ ‘ವಾಗ್ದಂಡನೆ’ಗೆ ಸಮ. ಆ ಕಾನೂನು ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತದೆ: ಮೇಲಧಿಕಾರಿ ಎಷ್ಟೇ ಗದರಲಿ, ಬುದ್ಧಿ ಹೇಳಲಿ, ಖಂಡಿಸಲಿ, ಕಾಗದದಲ್ಲಿ ‘ಫೆರ್‌ವೈಸ್’ ಎಂಬ ಪದ ಇಲ್ಲದಿದ್ದರೆ ಅದು ಶಿಸ್ತುಕ್ರಮವೇ ಅಲ್ಲ. ಧ್ವನಿ ಎಷ್ಟು ಜೋರು ಎಂಬುದು ಲೆಕ್ಕಕ್ಕಿಲ್ಲ, ಯಾವ ಪದ ಬರೆದಿದ್ದಾರೆ ಎಂಬುದೇ ಲೆಕ್ಕ.

ಅಜ್ಜ-ಅಜ್ಜಿಯರಿಗೆ ಇದೇ ಪದ ಇನ್ನೊಂದು ದಾರಿಯಲ್ಲಿ ಬಂದು ಮುಟ್ಟಬಹುದು. ಬವೇರಿಯಾದ ಶಾಲೆಗಳಲ್ಲಿ ಮಕ್ಕಳಿಗೂ ‘ಫೆರ್‌ವೈಸ್’ ಕೊಡುತ್ತಾರೆ. ಮ್ಯೂನಿಕ್‌ನಲ್ಲಿರುವ ಮೊಮ್ಮಗನಿಗೆ ಅದು ಬಂತೆಂದರೆ ಶಾಲೆಯಿಂದ ಹೊರಹಾಕಿದರು ಎಂದಲ್ಲ, ಪೋಷಕರಿಗೆ ತಿಳಿಯುವಂತೆ ಬರೆದ ಎಚ್ಚರಿಕೆ ಅಷ್ಟೇ. ಹೊರಹಾಕುವುದಕ್ಕೆ ‘ಶೂಲ್‌ಫೆರ್‌ವೈಸ್’ ಎನ್ನುತ್ತಾರೆ. ಮುಂದೆ ‘ಶೂಲ್’ ಇದೆಯೇ ಇಲ್ಲವೇ ಎಂದು ಕೇಳಿಕೊಂಡು ಆಮೇಲೆ ಗಾಬರಿಯಾಗಬಹುದು.

ಖಾಸಗಿ ಕಂಪನಿಗಳಿಗೆ ಬಂದರೆ ಎರಡು ಪದ ಮುಖ್ಯ: ‘ಎರ್‌ಮಾನುಂಗ್’ ಮತ್ತು ‘ಅಪ್‌ಮಾನುಂಗ್’. ಮೊದಲನೆಯದು ಬುದ್ಧಿವಾದ. ‘ಹೀಗೆ ಮಾಡಬೇಡಿ’ ಎಂದು ಹೇಳಿ ನಿಲ್ಲುತ್ತದೆ. ಎರಡನೆಯದು ಒಂದು ಹೆಜ್ಜೆ ಮುಂದೆ ಹೋಗಿ ‘ಮತ್ತೆ ಹೀಗಾದರೆ ನಿಮ್ಮ ಕೆಲಸಕ್ಕೇ ಕುತ್ತು’ ಎಂದು ಹೇಳುತ್ತದೆ. ಕಾಗದದಲ್ಲಿ ‘ಇಮ್ ವೀಡರ್‌ಹೋಲುಂಗ್ಸ್‌ಫಾಲ್’ ಎಂಬ ಪದ ಹುಡುಕಿ ಎಂದು ನಾನು ಹೊಸಬರಿಗೆ ಹೇಳುತ್ತೇನೆ. ‘ಇದೇ ಮರುಕಳಿಸಿದಲ್ಲಿ’ ಎಂದು ಅರ್ಥ. ಅದರ ಹಿಂದೆಮುಂದೆ ಕೆಲಸದಿಂದ ತೆಗೆಯುವ ಮಾತು, ಅಂದರೆ ‘ಕ್ಯೂಂಡಿಗುಂಗ್’, ಇದ್ದರೆ ಅದು ಅಪ್‌ಮಾನುಂಗ್. ಇಲ್ಲದಿದ್ದರೆ, ಮೇಲೆ ದಪ್ಪ ಅಕ್ಷರದಲ್ಲಿ ಏನೇ ಬರೆದಿರಲಿ, ಬಹುಪಾಲು ಬರೀ ಬುದ್ಧಿವಾದ.

ನೌಕರನಿಗೂ ರಕ್ಷಣೆ

ಹುಡುಗನ ಕಾಗದದಲ್ಲಿ ಆ ಪದ ಇತ್ತು. ಓದಿ ಹೇಳಿದಾಗ ಅವನ ಮುಖ ಬಿಳುಚಿತು. ‘ಹಾಗಾದ್ರೆ ಕೆಲ್ಸ ಹೋಯ್ತಾ ಅಕ್ಕ?’

ಹೋಗಿಲ್ಲ. ಇಲ್ಲಿಯೇ ಈ ಪದದ ಇನ್ನೊಂದು ಮುಖ ಇರುವುದು. ನಮ್ಮ ಊರಿನವರು ಅಪ್‌ಮಾನುಂಗ್ ಎಂದರೆ ಮೆಮೊ, ಶೋಕಾಸ್ ನೋಟಿಸ್ ಎಂದುಕೊಂಡು ಉತ್ತರ ಬರೆಯಲು ಓಡುತ್ತಾರೆ. ಇದು ಕಾರಣ ಕೇಳುವ ನೋಟಿಸ್ ಅಲ್ಲ, ಉತ್ತರ ಕೊಡಲೇಬೇಕೆಂದಿಲ್ಲ. ಇದು ಮಾಲೀಕರ ಮೇಲೆ ಕಾನೂನು ಹೊರಿಸಿದ ಒಂದು ಮೆಟ್ಟಿಲು. ಹತ್ತಕ್ಕಿಂತ ಹೆಚ್ಚು ನೌಕರರಿರುವ ಕಡೆ ಆರು ತಿಂಗಳು ಕೆಲಸ ಮಾಡಿದವನಿಗೆ ಕೆಲಸದಿಂದ ತೆಗೆಯುವುದರ ವಿರುದ್ಧ ಕಾನೂನಿನ ರಕ್ಷಣೆ ಸಿಗುತ್ತದೆ. ನಡತೆಯ ಕಾರಣಕ್ಕೆ ಅವನನ್ನು ತೆಗೆಯಬೇಕಾದರೆ, ಸಾಮಾನ್ಯವಾಗಿ ಅದಕ್ಕೆ ಮೊದಲು ಅದೇ ಬಗೆಯ ತಪ್ಪಿಗೆ ಒಮ್ಮೆ ಎಚ್ಚರಿಸಿರಬೇಕು, ತಿದ್ದಿಕೊಳ್ಳಲು ಅವಕಾಶ ಕೊಟ್ಟಿರಬೇಕು. ತೀರಾ ಗಂಭೀರ ತಪ್ಪಾದರೆ ಮಾತ್ರ ಈ ಮೆಟ್ಟಿಲು ಬೇಡ.

ಅದಕ್ಕಿಂತ ಮುಖ್ಯ, ಒಂದು ತಪ್ಪಿಗೆ ಅಪ್‌ಮಾನುಂಗ್ ಕೊಟ್ಟ ಮೇಲೆ ಅದೇ ಘಟನೆಯನ್ನು ಹಿಡಿದು ಕೆಲಸದಿಂದ ತೆಗೆಯುವ ಹಕ್ಕನ್ನು ಕಂಪನಿ ಬಿಟ್ಟುಕೊಟ್ಟಂತೆ. ಗೃಹಪ್ರವೇಶದ ಆ ನಾಲ್ಕು ದಿನದ ಲೆಕ್ಕ ಅಲ್ಲಿಗೆ ಚುಕ್ತಾ. ಇನ್ನೊಮ್ಮೆ ಹಾಗೇ ಆದರೆ ಮಾತ್ರ ಹಳೆಯ ಕಾಗದ ಹೊರಗೆ ಬರುತ್ತದೆ. ಇದನ್ನು ಹೇಳಿದಾಗ ಹುಡುಗ ಮೊದಲ ಸಲ ಕುರ್ಚಿಗೆ ಒರಗಿ ಕೂತ.

ಈ ಮೆಟ್ಟಿಲಿನ ಬೆಲೆ ಇಡೀ ಜರ್ಮನಿಗೆ ಗೊತ್ತಾದದ್ದು ಬರ್ಲಿನ್ನಿನ ಒಂದು ಸೂಪರ್‌ಮಾರ್ಕೆಟಿನ ಕ್ಯಾಷಿಯರ್ ಪ್ರಕರಣದಿಂದ. ಪತ್ರಿಕೆಗಳು ಆಕೆಯನ್ನು ‘ಎಮ್ಮೆಲಿ’ ಎಂದು ಕರೆದವು. ಇಲ್ಲಿ ಖಾಲಿ ಬಾಟಲಿ ವಾಪಸ್ ಹಾಕಿದರೆ ಯಂತ್ರ ಒಂದು ಚೀಟಿ ಕೊಡುತ್ತದೆ, ಅದನ್ನು ಕ್ಯಾಷ್ ಕೌಂಟರಿನಲ್ಲಿ ಕೊಟ್ಟರೆ ಠೇವಣಿ ದುಡ್ಡು ಸಿಗುತ್ತದೆ. ಯಾರೋ ಗ್ರಾಹಕರು ಬಿಟ್ಟುಹೋದ ಅಂಥ ಎರಡು ಚೀಟಿಗಳನ್ನು, ಒಂದು 48 ಸೆಂಟ್, ಇನ್ನೊಂದು 82 ಸೆಂಟ್, ಆಕೆ ತನ್ನ ಸಾಮಾನಿನ ಲೆಕ್ಕಕ್ಕೆ ಬಳಸಿಕೊಂಡರು ಎಂಬುದು ಆರೋಪ. ಒಟ್ಟು 1 ಯೂರೊ 30 ಸೆಂಟ್. ಮೂವತ್ತು ವರ್ಷ ದಾಟಿದ ಸೇವೆ ಇದ್ದರೂ 2008ರಲ್ಲಿ ತಕ್ಷಣ ಕೆಲಸದಿಂದ ತೆಗೆದರು. ಕೆಳಗಿನ ಎರಡು ಕೋರ್ಟುಗಳು ಕಂಪನಿ ಮಾಡಿದ್ದು ಸರಿ ಎಂದವು. ದುಡ್ಡು ಎಷ್ಟೇ ಚಿಕ್ಕದಿರಲಿ, ಕ್ಯಾಷಿಯರ್ ಮೇಲಿನ ನಂಬಿಕೆ ಹೋಯಿತು ಎಂಬುದು ಅವುಗಳ ವಾದ. ಊರೆಲ್ಲ ಚರ್ಚೆಯಾಯಿತು. ಕೊನೆಗೆ 2010ರ ಜೂನ್ 10ರಂದು ಎರ್‌ಫುರ್ಟ್‌ನಲ್ಲಿರುವ ಕೇಂದ್ರ ಕಾರ್ಮಿಕ ನ್ಯಾಯಾಲಯ ತೀರ್ಪು ಕೊಟ್ಟಿತು. ಆಕೆ ಮಾಡಿದ್ದು ತಪ್ಪು ಹೌದು, ಆದರೆ ಅಷ್ಟು ದಶಕಗಳಲ್ಲಿ ಗಳಿಸಿದ ನಂಬಿಕೆ ಇಷ್ಟರಿಂದ ಪೂರ್ತಿ ಅಳಿಯುವುದಿಲ್ಲ, ಇಲ್ಲಿ ಒಂದು ಅಪ್‌ಮಾನುಂಗ್ ಸಾಕಿತ್ತು ಎಂದಿತು. ಆಕೆ ಮತ್ತೆ ಕೆಲಸಕ್ಕೆ ಹೋದರು.

ಆ ತೀರ್ಪಿನ ನಂತರ ಕಂಪನಿಗಳು ಸಣ್ಣಪುಟ್ಟದ್ದಕ್ಕೂ ಅಪ್‌ಮಾನುಂಗ್ ಬರೆಯತೊಡಗಿದವು ಎಂದು ಗೊಣಗುವವರೂ ಇದ್ದಾರೆ. ಇರಬಹುದು. ಕಾಗದ ಕೊಡದೆ ಕಳಿಸುವುದಕ್ಕಿಂತ ಕಾಗದ ಕೊಟ್ಟು ಇಟ್ಟುಕೊಳ್ಳುವುದು ವಾಸಿ ಎಂಬುದು ನನ್ನ ಅಭಿಪ್ರಾಯ.

ನಮ್ಮವರಲ್ಲಿ ಓಡಾಡುವ ಒಂದು ಮಾತು ಮಾತ್ರ ಸುಳ್ಳು: ‘ಮೂರು ಅಪ್‌ಮಾನುಂಗ್ ಆಗುವವರೆಗೂ ಏನೂ ಆಗಲ್ಲ.’ ಮೂರು ಎಂಬ ಲೆಕ್ಕ ಕಾನೂನಿನಲ್ಲಿ ಎಲ್ಲೂ ಇಲ್ಲ. ಗಂಭೀರ ತಪ್ಪಿಗೆ ಒಂದೇ ಸಾಕು. ತಡವಾಗಿ ಬಂದದ್ದಕ್ಕೆ ಒಂದು, ಗೋಡೌನಿನಲ್ಲಿ ಸಿಗರೇಟು ಸೇದಿದ್ದಕ್ಕೆ ಒಂದು, ಹೀಗೆ ಸಂಬಂಧವಿಲ್ಲದವನ್ನು ಕೂಡಿಸಿ ಲೆಕ್ಕ ಹಾಕುವುದೂ ಸುಲಭವಲ್ಲ. ಕೆಲಸಕ್ಕೆ ಸೇರಿ ಆರು ತಿಂಗಳು ಆಗದವರಿಗಂತೂ ಈ ಮೆಟ್ಟಿಲಿನ ರಕ್ಷಣೆಯೇ ಇಲ್ಲ. ಪ್ರೊಬೇಷನ್ನಿನಲ್ಲಿ ಎರಡು ವಾರದ ನೋಟಿಸಿನಲ್ಲಿ ಕಳಿಸಬಹುದು. ಮೊದಲ ಆರು ತಿಂಗಳು ಮಗ ಊರಿಗೆ ಬರಲು ಹಿಂದೆಮುಂದೆ ನೋಡಿದರೆ ಅದು ಅಸಡ್ಡೆ ಅಂದುಕೊಳ್ಳಬೇಡಿ.

ಕಾಗದ ಕೈಗೆ ಬಂದಾಗ

ಹುಡುಗ ಮಾಡಿದ ಎರಡು ಕೆಲಸದಲ್ಲಿ ಒಂದು ಸರಿ, ಒಂದು ತಪ್ಪು. ಕಾಗದ ಕೊಟ್ಟಾಗ ಸಹಿ ಹಾಕೆಂದರು. ಅವನು ‘ತಲುಪಿದೆ’ ಎಂಬ ಸಾಲಿನ ಕೆಳಗೆ ಮಾತ್ರ ಹಾಕಿದ. ಅದು ಸರಿ. ‘ತಪ್ಪು ಒಪ್ಪಿಕೊಂಡಿದ್ದೇನೆ’ ಎಂಬ ಸಾಲಿದ್ದರೆ ಅಲ್ಲಿ ಸಹಿ ಹಾಕಬೇಕಾದ ಬಾಧ್ಯತೆ ಇಲ್ಲ. ಆಮೇಲೆ ಡ್ರಾಯರಿಗೆ ಹಾಕಿ ಮರೆತದ್ದು ತಪ್ಪು. ಕಾಗದದ ಒಂದು ಪ್ರತಿ ಅವನ ಸೇವಾ ಕಡತಕ್ಕೆ ಸೇರಿರುತ್ತದೆ. ಆ ಕಡತವನ್ನು ನೋಡುವ ಹಕ್ಕು ನೌಕರನಿಗೆ ಇದೆ, ತನ್ನ ಕಡೆಯ ವಿವರಣೆಯನ್ನು ಬರೆದು ಅದಕ್ಕೆ ಲಗತ್ತಿಸುವ ಹಕ್ಕೂ ಇದೆ. ಕಂಪನಿಯಲ್ಲಿ ನೌಕರರೇ ಆರಿಸಿದ ‘ಬೆಟ್ರೀಬ್ಸ್‌ರಾಟ್’ ಎಂಬ ಸಮಿತಿ ಇದ್ದರೆ ಅದರ ಸದಸ್ಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಎಚ್ಚರಿಕೆಯಲ್ಲಿ ಹೇಳಿದ ಸಂಗತಿ ಸುಳ್ಳಾಗಿದ್ದರೆ, ಅಥವಾ ‘ನೀವು ಪದೇಪದೇ ತಡವಾಗಿ ಬರುತ್ತೀರಿ’ ಎಂಬಂತೆ ದಿನಾಂಕ, ಗಂಟೆ ಏನೂ ಇಲ್ಲದೆ ಮೊಗಮ್ಮಾಗಿ ಬರೆದಿದ್ದರೆ, ತೆಗೆದುಹಾಕಿ ಎಂದು ಕೇಳಬಹುದು, ಕೋರ್ಟಿಗೂ ಹೋಗಬಹುದು.

ಹೋಗಲೇಬೇಕೆಂದಿಲ್ಲ. ಹುಡುಗ ಮೊದಲು ಕೋಪದಲ್ಲಿ ಎರಡು ಪುಟದ ಉತ್ತರ ಬರೆಯಲು ಹೊರಟಿದ್ದ. ‘ಮೆಸೇಜ್ ಹಾಕಿದ್ದೆನಲ್ಲ, ಅವರು ಓದಿದ್ದಾರಲ್ಲ’ ಎಂಬುದು ಅವನ ಒಂದೇ ಪಟ್ಟು. ಅವನ ಕಂಪನಿಯ ಬೆಟ್ರೀಬ್ಸ್‌ರಾಟ್‌ನ ಹೆಂಗಸು ಶಾಂತವಾಗಿ ಕೇಳಿದರಂತೆ: ‘ಸರಿ ಎಂದು ಯಾರು ಹೇಳಿದರು?’ ಅವನ ಬಳಿ ಉತ್ತರ ಇರಲಿಲ್ಲ. ಉತ್ತರ ಬರೆಯದೆ ಬಿಟ್ಟ. ಬರೆದಿದ್ದರೆ ಆಗದ ತಪ್ಪನ್ನೂ ಒಪ್ಪಿಕೊಂಡಂತೆ ಏನಾದರೂ ಬರೆದುಬಿಡುತ್ತಿದ್ದ.

ಗಡುವು ಎಂಬುದು ನಿಜವಾಗಿ ಬಿಗಿಯಾಗುವುದು ಅಪ್‌ಮಾನುಂಗ್‌ಗೆ ಅಲ್ಲ, ಮುಂದಿನ ಮೆಟ್ಟಿಲಾದ ಕ್ಯೂಂಡಿಗುಂಗ್‌ಗೆ. ಅದು ಕೈಗೆ ಬಂದ ಮೂರು ವಾರದೊಳಗೆ ಕಾರ್ಮಿಕ ನ್ಯಾಯಾಲಯಕ್ಕೆ ಹೋಗದಿದ್ದರೆ, ತೆಗೆದದ್ದು ಅನ್ಯಾಯವಾಗಿದ್ದರೂ ಬಹುಮಟ್ಟಿಗೆ ಬಾಗಿಲು ಮುಚ್ಚಿದಂತೆ. ಅದು ಸಹಿ ಹಾಕಿದ ಕಾಗದದಲ್ಲೇ ಬರಬೇಕು, ಇ-ಮೇಲ್, ವಾಟ್ಸ್‌ಆ್ಯಪ್ ನಡೆಯದು. ನುರಿತ ಕೆಲಸಗಾರರ ವೀಸಾ, ಬ್ಲೂ ಕಾರ್ಡ್‌ನಲ್ಲಿ ಇರುವವರು ಅವಧಿಗೆ ಮುಂಚೆ ಕೆಲಸ ಮುಗಿಯುವುದು ಗೊತ್ತಾದ ಎರಡು ವಾರದಲ್ಲಿ ವಿದೇಶಿಯರ ಕಚೇರಿಗೆ ತಿಳಿಸಬೇಕು. ಆದರೆ ಬರೀ ಅಪ್‌ಮಾನುಂಗ್ ಬಂದದ್ದನ್ನು ಆ ಕಚೇರಿಗೆ ಹೇಳಬೇಕಿಲ್ಲ. ಹುಡುಗ ರಾತ್ರಿ ನಿದ್ದೆಗೆಟ್ಟದ್ದು ಈ ಒಂದು ಭಯದಿಂದ, ವೀಸಾ ಹೋಗುತ್ತದೆ ಎಂದು.

ಆಫೀಸಿನ ಹೊರಗೂ ಇದೇ ಪದ

ಕೆಲಸದ ಜಾಗದಲ್ಲಷ್ಟೇ ಈ ಪದ ಇರುವುದಾಗಿದ್ದರೆ ಇಲ್ಲಿಗೆ ಮುಗಿಸುತ್ತಿದ್ದೆ. ಮನೆ ಮಾಲೀಕರೂ ಅಪ್‌ಮಾನುಂಗ್ ಕಳಿಸುತ್ತಾರೆ. ಇಲ್ಲಿ ರಾತ್ರಿ ಹತ್ತರಿಂದ ಬೆಳಗಿನವರೆಗೆ ಸದ್ದು ಮಾಡುವಂತಿಲ್ಲ, ಭಾನುವಾರವಂತೂ ಗೋಡೆಗೆ ಮೊಳೆ ಹೊಡೆದರೂ ಪಕ್ಕದವರು ಬಾಗಿಲು ತಟ್ಟುತ್ತಾರೆ. ಮಗಳ ಬಾಣಂತನಕ್ಕೆ ಬಂದ ಅಮ್ಮಂದಿರು ಅಭ್ಯಾಸಬಲದಿಂದ ಬೆಳಿಗ್ಗೆ ಐದಕ್ಕೆ ಎದ್ದು ಚಟ್ನಿಗೆ ಮಿಕ್ಸಿ ಹಾಕುತ್ತಾರೆ. ಮೊದಲು ದೂರು, ಆಮೇಲೂ ನಿಲ್ಲದಿದ್ದರೆ ಈ ಕಾಗದ.

ಅದಕ್ಕಿಂತ ದುಬಾರಿಯದು ಸಿನಿಮಾದ್ದು. ಹೊಸ ಚಿತ್ರವನ್ನು ಟೊರೆಂಟ್‌ನಲ್ಲಿ ಇಳಿಸಿಕೊಂಡರೆ, ಇಳಿಸುವಾಗಲೇ ನಿಮ್ಮ ಕಂಪ್ಯೂಟರಿನಿಂದ ಅದರ ತುಣುಕುಗಳು ಬೇರೆಯವರಿಗೂ ಹೋಗುತ್ತಿರುತ್ತವೆ. ಕಾನೂನಿನ ಕಣ್ಣಿಗೆ ನೀವು ಹಂಚಿದವರು. ಕೆಲವು ವಾರಗಳ ನಂತರ ವಕೀಲರ ಕಚೇರಿಯಿಂದ ಅಪ್‌ಮಾನುಂಗ್, ಜೊತೆಗೆ ನೂರಾರು ಯೂರೊ ಕಟ್ಟಿ ಎಂಬ ಬೇಡಿಕೆ, ಇನ್ನೆಂದೂ ಮಾಡುವುದಿಲ್ಲ ಎಂದು ಬರೆದುಕೊಡಬೇಕಾದ ಮುಚ್ಚಳಿಕೆ. ಈ ಮುಚ್ಚಳಿಕೆಗೆ ಕಣ್ಣುಮುಚ್ಚಿ ಸಹಿ ಹಾಕಬಾರದು, ಕಾಗದವನ್ನು ಕಸದ ಬುಟ್ಟಿಗೂ ಹಾಕಬಾರದು. ವಕೀಲರಿಗೆ ಅಥವಾ ಗ್ರಾಹಕ ಸಲಹಾ ಕೇಂದ್ರಕ್ಕೆ ತೋರಿಸಬೇಕು. ಕೋರ್ಟಿನಿಂದಲೇ ‘ಮಾನ್‌ಬೆಶೈಡ್’ ಎಂಬ ಹಣ ವಸೂಲಿಯ ಕಾಗದ ಬಂದರೆ ಆಕ್ಷೇಪ ಸಲ್ಲಿಸಲು ಎರಡೇ ವಾರ.

ಊರಿನವರು ಕೇಳಿದ್ದು

ಆ ಸಂಜೆ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಅರಸೀಕೆರೆಗೆ ವಿಡಿಯೊ ಕಾಲ್ ಮಾಡಿದೆ. ‘ಅಪಮಾನ ಅಲ್ಲಮ್ಮ, ಎಚ್ಚರಿಕೆ. ಕೆಲ್ಸ ಇದೆ, ವೀಸಾ ಇದೆ’ ಎಂದೆ. ಅವರು ಮಗನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು: ‘ಗೃಹಪ್ರವೇಶಕ್ಕೆ ನಿಲ್ಲಿಸ್ಕೊಂಡಿದ್ದಕ್ಕೇನಾ?’ ಹುಡುಗ ಅಲ್ಲ ಎನ್ನಲು ಬಾಯಿ ತೆರೆದ. ನಾನು ಹೌದು ಎಂದೆ. ಮುಚ್ಚಿಟ್ಟರೆ ಮುಂದಿನ ವರ್ಷ ತಂಗಿಯ ಮದುವೆಗೂ ಇದೇ ಆಗುತ್ತದೆ.

ಅವರು ಬೇಸರ ಮಾಡಿಕೊಳ್ಳಲಿಲ್ಲ, ಮತ್ತೂ ಪ್ರಶ್ನೆ ಕೇಳಿದರು. ‘ಹಂಗಾದ್ರೆ ಊರಿಗೆ ಬಂದಾಗ ಜ್ವರ ಗಿರ ಬಂದು ಹೊರಡೋಕಾಗ್ದಿದ್ರೆ?’ ಒಳ್ಳೆಯ ಪ್ರಶ್ನೆ. ರಜೆಯಲ್ಲಿ ಊರಿಗೆ ಬಂದಾಗ ಕಾಯಿಲೆ ಬಿದ್ದರೆ ತಡಮಾಡದೆ ಕಂಪನಿಗೆ ತಿಳಿಸಬೇಕು. ಕಾಯಿಲೆ ಬಿದ್ದಿದ್ದೇನೆ, ಅಂದಾಜು ಇಷ್ಟು ದಿನ, ಈಗ ಇರುವ ವಿಳಾಸ ಇದು ಎಂದು. ಆರೋಗ್ಯ ವಿಮೆಯವರಿಗೂ ತಿಳಿಸಬೇಕು. ನಮ್ಮ ಡಾಕ್ಟರು ಕೊಡುವ ಸರ್ಟಿಫಿಕೇಟಿನಲ್ಲಿ ‘ವೈರಲ್ ಜ್ವರ ಇದೆ’ ಎಂದಷ್ಟೇ ಇದ್ದರೆ ಸಾಲದು. ‘ಈ ದಿನದಿಂದ ಈ ದಿನದವರೆಗೆ ಕೆಲಸ ಮಾಡುವ ಸ್ಥಿತಿಯಲ್ಲಿಲ್ಲ’ ಎಂದೂ ಬರೆದಿರಬೇಕು. ಕಾಯಿಲೆ ಬೇರೆ, ಕೆಲಸ ಮಾಡಲಾಗದಿರುವುದು ಬೇರೆ ಎಂದು ಇಲ್ಲಿನ ಕೋರ್ಟುಗಳು ವಿಂಗಡಿಸುತ್ತವೆ. ಡಾಕ್ಟರ ಹತ್ತಿರ ಚೀಟಿ ಬರೆಸುವಾಗ ಮನೆಯವರೇ ಇದನ್ನು ಕೇಳಿ ಬರೆಸಿಕೊಳ್ಳಬಹುದು. ಮನೆಯವರಿಗೆ ಹುಷಾರಿಲ್ಲದೆ ರಜೆ ಮುಂದುವರಿಸಬೇಕಾದರೆ ದಾರಿ ಒಂದೇ. ಇ-ಮೇಲ್‌ನಲ್ಲಿ ಕೇಳಬೇಕು, ‘ಸರಿ’ ಎಂಬ ಉತ್ತರ ಬರುವವರೆಗೆ ಟಿಕೆಟ್ ಬದಲಿಸಬಾರದು. ಉತ್ತರ ಬಾರದಿದ್ದರೆ ಫೋನ್ ಮಾಡಬೇಕು, ಎಷ್ಟು ಸಂಕೋಚವಾದರೂ.

‘ಆ ಕಾಗದ ಯಾವಾಗ ಹರಿದು ಹಾಕ್ತಾರೆ?’ ಎಂಬುದು ಅವರ ಕೊನೆಯ ಪ್ರಶ್ನೆ. ಅದಕ್ಕೆ ಇಂತಿಷ್ಟು ವರ್ಷ ಎಂಬ ನಿಯಮವಿಲ್ಲ ಎಂದೆ. ಕಾಲ ಕಳೆದಂತೆ ಅದರ ಭಾರ ಕಡಿಮೆಯಾಗುತ್ತದೆ. ಆದರೆ ಯಾವ ಕಾರಣಕ್ಕೂ ಇನ್ನು ಅದು ಬೇಕಾಗಿಲ್ಲ ಎಂದಾದಾಗ ಮಾತ್ರ ತೆಗೆಸಲು ಕೇಳಬಹುದು.

ಅವರಿಗೆ ಅದು ಅಷ್ಟು ಹಿಡಿಸಲಿಲ್ಲ. ‘ಸರಿ ಬಿಡು’ ಎಂದು ಮಗನ ಕಡೆ ತಿರುಗಿದರು. ‘ಮುಂದಿನ ಮೇನಲ್ಲಿ ಎಷ್ಟನೇ ತಾರೀಕಿನವರೆಗೆ ರಜ ಕೊಡ್ತಾರೆ ಅಂತ ಮೊದ್ಲು ಕೇಳ್ಕೊಂಡು ಹೇಳು. ಗಂಡಿನ ಕಡೆಯೋರು ಮುಹೂರ್ತ ಕೇಳ್ತಿದಾರೆ.’